ಕೇಳುವವನೂ ಹೇಳುವವನೂ

ಏರಿದ ಮೇಲೆ ಏಣಿಯನ್ನು ಒದೆಯಬಾರದೆಂಬುದು ನಮ್ಮ ಹಿರಿಯರು ಹೇಳುತ್ತ ಬಂದ ಮಾತು. ವಿದ್ಯೆಯ ವಿಷಯದಲ್ಲಂತೂ ಈ ಮಾತು ಇನ್ನಷ್ಟು ನಿಜ. ಯಾವ ವಿದ್ಯೆಯಲ್ಲೇ ಆಗಲಿ, ಇಂದು ಬಲ್ಲವನೆನಿಸಿಕೊಂಡವನು ಒಂದು ಕಾಲಕ್ಕೆ ಏನೂ ಅರಿಯದವನಾಗಿದ್ದವನೇ. ಯಾರೋ ಒಬ್ಬರು ಬೇಸರಿಸದೆ ಹೇಳಿಕೊಟ್ಟದ್ದರಿಂದ ಅವನು ಬಲ್ಲವನಾದ. ಆದರೆ ಬಲ್ಲವನಾದ ಮೇಲೆ ಮೊದಲು ಮರೆತುಹೋಗುವುದೂ ಈ ಸಂಗತಿಯೇ. ಕಂಪ್ಯೂಟರುಗಳಿಗೆ ಪ್ರೋಗ್ರಾಂ ಬರೆಯುವವರ ಚರಿತ್ರೆ ತೀರ ಹೊಸದು. ಆದರೂ ಈ ಹಳೆಯ ಮಾತಿಗೆ ಅಲ್ಲಿ ದೊರೆಯುವಷ್ಟು ಸ್ಪಷ್ಟವಾದ ನಿದರ್ಶನ ಬೇರೆಡೆ ದೊರೆಯುವುದು ಅಪರೂಪ.

1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಇಬ್ಬರು ವಿದ್ಯಾರ್ಥಿಗಳು, ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲಿಸ್ ಎಂಬುವರು, ಒಂದೂರಿನ ಕಂಪ್ಯೂಟರಿನಲ್ಲಿ ಬರೆದಿಟ್ಟ ಮಾತು ಟೆಲಿಫೋನ್ ತಂತಿಯ ಮೂಲಕ ಇನ್ನೊಂದೂರಿನ ಕಂಪ್ಯೂಟರಿಗೆ ಹೋಗುವಂತಹ ಏರ್ಪಾಟೊಂದನ್ನು ಯೋಚಿಸಿದರು. ಮರುವರ್ಷ ಅದು ಯೂಸ್‌ನೆಟ್ ಎಂಬ ಹೆಸರಿನಿಂದ ಬಳಕೆಗೆ ಬಂದಿತು. ನಮ್ಮ ಹಳ್ಳಿಯ ಅರಳಿಕಟ್ಟೆಯನ್ನು ನೆನೆದುಕೊಂಡರೆ ಅದರ ರೀತಿ ತಿಳಿಯುತ್ತದೆ. ಒಂದೊಂದು ವಿಷಯಕ್ಕೆ ಒಂದೊಂದು ಕಟ್ಟೆ. ಯಾರು ಬೇಕಾದರೂ ಬಂದು ಪ್ರಶ್ನೆ ಇಡಬಹುದು. ಬಲ್ಲವರು ಎಲ್ಲಿಂದಲಾದರೂ ಉತ್ತರ ಕೊಡಬಹುದು. ಕೇಳುವವನಿಗೆ ಶುಲ್ಕವಿಲ್ಲ, ಹೇಳುವವನಿಗೆ ಸಂಬಳವಿಲ್ಲ.

ಇಂತಹ ಕಟ್ಟೆಗಳಲ್ಲಿ ಮಿನಿಕ್ಸ್ ಎಂಬುದಕ್ಕೆ ಮೀಸಲಾದದ್ದೂ ಒಂದು. ಕಂಪ್ಯೂಟರಿನ ಎಲ್ಲ ಕೆಲಸವನ್ನೂ ನಡೆಸುವ ಮೂಲ ಪ್ರೋಗ್ರಾಂ ಒಳಗೆ ಹೇಗಿರುತ್ತದೆಂದು ವಿದ್ಯಾರ್ಥಿಗಳಿಗೆ ತೋರಿಸಲು ಆಮ್‌ಸ್ಟರ್‌ಡ್ಯಾಮಿನ ಪ್ರಾಧ್ಯಾಪಕ ಆಂಡ್ರ್ಯೂ ಟಾನೆನ್‌ಬಾಮ್ ಅವರು 1987ರಲ್ಲಿ ಹೊರತಂದ ಪುಟ್ಟ ವ್ಯವಸ್ಥೆಯೇ ಮಿನಿಕ್ಸ್. 1991ರ ಜುಲೈ 3ರಂದು ಆ ಕಟ್ಟೆಗೆ ಫಿನ್ಲೆಂಡಿನಿಂದ ಒಂದು ಪ್ರಶ್ನೆ ಬಂದಿತು. ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅದನ್ನು ಕೇಳಿದವನು. ತಾನೊಂದು ಕೆಲಸದಲ್ಲಿ ತೊಡಗಿರುವುದಾಗಿಯೂ, ಪಾಸಿಕ್ಸ್ ಎಂಬ ನಿಯಮಾವಳಿ ತನಗೆ ಬೇಕಾಗಿರುವುದಾಗಿಯೂ, ಅದು ಎಲ್ಲಿ ಸಿಗುತ್ತದೆಂದು ಯಾರಾದರೂ ತಿಳಿಸಬಹುದೇ ಎಂದೂ ಆತ ವಿನಯದಿಂದ ಕೇಳಿದ್ದ. ಹೆಸರಿಲ್ಲದ ಹುಡುಗನ ಎರಡು ಸಾಲಿನ ಪ್ರಶ್ನೆ. “ಅಷ್ಟೂ ಗೊತ್ತಿಲ್ಲವೇ, ಹುಡುಕಿಕೋ ಹೋಗು” ಎಂದು ಯಾರಾದರೂ ಅಂದಿದ್ದರೆ ಅಲ್ಲಿ ಅದೇನೂ ದೊಡ್ಡ ವಿಷಯವಾಗುತ್ತಿರಲಿಲ್ಲ.

ಆದರೆ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿದ್ದ ಆರಿ ಲೆಮ್ಕೆ ಎಂಬುವರು ಆ ಹುಡುಗನಿಗೆ ಉತ್ತರ ಬರೆದರು. ಬರೆದದ್ದಲ್ಲದೆ, ನಿನ್ನ ಕೆಲಸ ಸಿದ್ಧವಾದಾಗ ಎಲ್ಲರೂ ತೆಗೆದುಕೊಳ್ಳುವಂತೆ ಇಡಲು ನಮ್ಮ ಕಂಪ್ಯೂಟರಿನಲ್ಲಿ ಜಾಗ ಕೊಡುತ್ತೇನೆ ಎಂದರು. ಸೆಪ್ಟೆಂಬರಿನಲ್ಲಿ ಹುಡುಗನ ಪ್ರೋಗ್ರಾಂ ಅಲ್ಲಿಗೆ ಬಂದಿತು. ಆತ ಅದಕ್ಕೆ ಇಡಬೇಕೆಂದಿದ್ದ ಹೆಸರು ಫ್ರೀಕ್ಸ್. ಅದು ಲೆಮ್ಕೆಯವರಿಗೆ ಹಿಡಿಸಲಿಲ್ಲ. ಲಿನಕ್ಸ್ ಎಂದು ಅವರೇ ನಾಮಕರಣ ಮಾಡಿದರು. ಇಂದು ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನುಗಳ ತಿರುಳು ಅದೇ ಲಿನಕ್ಸ್. 2017ರ ನವೆಂಬರಿನಲ್ಲಿ ಪ್ರಪಂಚದ ಅತಿ ವೇಗದ 500 ಕಂಪ್ಯೂಟರುಗಳ ಪಟ್ಟಿ ಹೊರಬಂದಾಗ ಆ 500ಕ್ಕೆ 500ನ್ನೂ ನಡೆಸುತ್ತಿದ್ದುದು ಲಿನಕ್ಸೇ. ಒಂದು ಸೌಜನ್ಯದ ಉತ್ತರದಿಂದಲೇ ಇದೆಲ್ಲ ಆಯಿತೆಂದರೆ ಅತ್ಯುಕ್ತಿಯಾದೀತು. ಆದರೆ ಬೀಜ ಮೊಳೆಯುವ ಹೊತ್ತಿನಲ್ಲಿ ನೀರು ಹನಿಸಿದವರೊಬ್ಬರಿದ್ದರು ಎಂಬುದು ಅತ್ಯುಕ್ತಿಯಲ್ಲ.

ಎಲ್ಲರೂ ಹಾಗೆ ನಡೆದುಕೊಂಡರೆಂದಲ್ಲ. 1992ರ ಜನವರಿ 29ರಂದು ಟಾನೆನ್‌ಬಾಮ್ ಅವರೇ ಲಿನಕ್ಸ್ ಹಳಸಲು ಪದ್ಧತಿಯದೆಂದು ಸಾರಿದರು. ಮುಂದುವರಿದ ಆ ವಾದದಲ್ಲಿ, ನೀನು ನನ್ನ ವಿದ್ಯಾರ್ಥಿಯಾಗಿದ್ದರೆ ಇದಕ್ಕೆ ಒಳ್ಳೆಯ ಅಂಕ ಸಿಗುತ್ತಿರಲಿಲ್ಲವೆಂದೂ ಚುಚ್ಚಿದರು. ಹುಡುಗ ಬಿಸಿಯಾಗಿಯೇ ಉತ್ತರಿಸಿದ. ಮರುದಿನ ತನ್ನ ಧಾಟಿಗಾಗಿ ಕ್ಷಮೆಯನ್ನೂ ಕೇಳಿದ. ಹನ್ನೆರಡು ವರ್ಷಗಳ ತರುವಾಯ, 2004ರಲ್ಲಿ, ಟೋರ್ವಾಲ್ಡ್ಸ್ ಮಿನಿಕ್ಸಿನಿಂದಲೇ ಕದ್ದು ಲಿನಕ್ಸ್ ಮಾಡಿರಬೇಕೆಂಬ ಅಪವಾದ ಹುಟ್ಟಿದಾಗ, ಅದು ಸುಳ್ಳು, ಅದನ್ನು ಬರೆದವನು ಅವನೇ ಎಂದು ಬಹಿರಂಗವಾಗಿ ನುಡಿದವರೂ ಅದೇ ಟಾನೆನ್‌ಬಾಮ್. ಕೆಲಸವನ್ನು ಟೀಕಿಸುವುದು ಬೇರೆ, ಮನುಷ್ಯನನ್ನು ಹಳಿಯುವುದು ಬೇರೆ ಎಂಬ ವಿವೇಕ ಹಿರಿಯರಲ್ಲಿ ಕೊನೆಗೂ ಉಳಿದಿತ್ತು.

ಇಷ್ಟು ಹೇಳಿದ ಮೇಲೆ ಬಲ್ಲವರ ಕಷ್ಟವನ್ನೂ ಹೇಳದಿದ್ದರೆ ನ್ಯಾಯವಾಗದು. ಯೂಸ್‌ನೆಟ್ಟಿನಲ್ಲಿ ಪ್ರತಿವರ್ಷ ಸೆಪ್ಟೆಂಬರ್ ಬಂದಿತೆಂದರೆ ಅಮೆರಿಕದ ಕಾಲೇಜುಗಳಿಗೆ ಹೊಸದಾಗಿ ಸೇರಿದವರು ಒಟ್ಟಿಗೆ ನುಗ್ಗುತ್ತಿದ್ದರು. ಕಳೆದ ವರ್ಷ ಕೇಳಿದ್ದನ್ನೇ ಮತ್ತೆ ಕೇಳುವರು. ಹಳಬರು ಗೊಣಗುತ್ತ ತಿದ್ದುವರು. ಕೆಲವು ತಿಂಗಳಲ್ಲಿ ಹೊಸಬರೂ ಕಟ್ಟೆಯ ರೀತಿನೀತಿ ಕಲಿಯುವರು. 1993ರಿಂದಾಚೆಗೆ ಮನೆಮನೆಗೆ ಈ ಸಂಪರ್ಕ ದೊರೆಯತೊಡಗಿದಾಗ ಹೊಸಬರ ಪ್ರವಾಹ ನಿಲ್ಲಲೇ ಇಲ್ಲ. ಮುಗಿಯದ ಸೆಪ್ಟೆಂಬರ್ ಎಂದು ಹಳಬರು ಅದಕ್ಕೆ ಹೆಸರಿಟ್ಟರು. ಒಂದೇ ಪ್ರಶ್ನೆಗೆ ನೂರನೆಯ ಸಲ ಉತ್ತರಿಸಬೇಕಾದಾಗ ಯಾರ ತಾಳ್ಮೆಯಾದರೂ ಸವೆಯುತ್ತದೆ. ಆ ಬೇಸರದಲ್ಲಿ ಎರಡು ದಾರಿಗಳು ಹುಟ್ಟಿದವು. ಪದೇ ಪದೇ ಬರುವ ಪ್ರಶ್ನೆಗಳನ್ನೂ ಅವುಗಳ ಉತ್ತರಗಳನ್ನೂ ಒಂದೆಡೆ ಬರೆದಿಟ್ಟು, ಬಂದವನಿಗೆ ಅದನ್ನು ತೋರಿಸುವುದು ಒಂದು. ನಡುವೆ ಒಂದು ಬೈಗುಳ ಸೇರಿಸಿ “ಕೈಪಿಡಿ ಓದಿಕೋ” ಎಂಬ ಅರ್ಥದ ಆರ್‌ಟಿಎಫ್‌ಎಂ ಎಂಬ ನಾಲ್ಕಕ್ಷರವನ್ನು ಮುಖಕ್ಕೆ ಎಸೆಯುವುದು ಇನ್ನೊಂದು. ಎರಡೂ ಹೇಳುವುದು ಹೆಚ್ಚುಕಡಿಮೆ ಒಂದನ್ನೇ. ಆದರೆ ಮೊದಲನೆಯದು ದಾರಿ ತೋರಿಸುತ್ತದೆ, ಎರಡನೆಯದು ಬಾಗಿಲು ಹಾಕುತ್ತದೆ.

ಚರಿತ್ರೆಯ ವಿಪರ್ಯಾಸ ಇರುವುದು ಮುಂದೆ. ಅಂದು ಕೇಳುವವನಾಗಿದ್ದ ಟೋರ್ವಾಲ್ಡ್ಸ್ ಸಾವಿರಾರು ಪ್ರೋಗ್ರಾಮರುಗಳಿಗೆ ಹಿರಿಯರಾದರು. ತಪ್ಪು ಮಾಡಿದವರನ್ನು ಎಲ್ಲರೆದುರು ಬೈಯುವುದಕ್ಕೂ ಹೆಸರಾದರು. ಕೆಲವರು ನೊಂದು ದೂರ ಸರಿದರು. ಕೊನೆಗೆ 2018ರ ಸೆಪ್ಟೆಂಬರ್ 16ರಂದು ಅವರು ತಮ್ಮ ನಡತೆಗಾಗಿ ಬಹಿರಂಗವಾಗಿ ಕ್ಷಮೆ ಕೇಳಿ, ಕೆಲಕಾಲ ಕೆಲಸದಿಂದ ಬಿಡುವು ಪಡೆದರು. ಅದೇ ವರ್ಷದ ಏಪ್ರಿಲಿನಲ್ಲಿ, ಜಗತ್ತಿನ ಪ್ರೋಗ್ರಾಮರುಗಳೆಲ್ಲ ನೆಚ್ಚಿಕೊಂಡಿದ್ದ ಪ್ರಶ್ನೋತ್ತರದ ತಾಣ ಸ್ಟ್ಯಾಕ್ ಓವರ್‌ಫ್ಲೋ, ಹೊಸಬರಿಗೆ ನಮ್ಮಲ್ಲಿ ಆದರವಿಲ್ಲವೆಂದು ತಾನೇ ಒಪ್ಪಿಕೊಂಡಿತು. 2008ರಲ್ಲಿ ಹುಟ್ಟಿದ ಆ ತಾಣ ಈ ಮಾತನ್ನಾಡಲು ಹತ್ತು ವರ್ಷ ಹಿಡಿಯಿತು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅಲ್ಲಿ ಪ್ರಶ್ನೆ ಕೇಳುವವರ ಸಂಖ್ಯೆ ಬಹಳವಾಗಿ ಇಳಿಯಿತು. ಯಂತ್ರದ ಉತ್ತರ ಬೇಗ ಬರುತ್ತದೆಂಬುದು ಒಂದು ಕಾರಣ. ಯಂತ್ರ ಗದರಿಸುವುದಿಲ್ಲವೆಂಬುದೂ ಒಂದು ಕಾರಣವಿರಬೇಕಲ್ಲವೇ? ಆದರೆ ಅಂತಹ ಯಂತ್ರ ಕಲಿತದ್ದಾದರೂ ಮನುಷ್ಯರು ಬರೆದಿಟ್ಟ ಮಾತುಗಳಿಂದಲೇ. ಕಟ್ಟೆಗೆ ಬರುವವರೇ ಇಲ್ಲದಿದ್ದರೆ ನಾಳೆಯ ಉತ್ತರಗಳನ್ನು ಬರೆಯುವವರಾರು?

ಕೇಳುವವನಿಗೂ ಧರ್ಮವುಂಟು. ತಾನು ಮೊದಲು ಏನೇನು ಪ್ರಯತ್ನಿಸಿದೆನೆಂದು ಹೇಳಬೇಕು. ಇನ್ನೊಬ್ಬರ ಹೊತ್ತಿಗೆ ಬೆಲೆ ಕೊಡಬೇಕು. ಹೇಳುವವನ ಧರ್ಮ ಅದಕ್ಕಿಂತ ಸುಲಭವಾದದ್ದು. ಮನಸ್ಸಿದ್ದರೆ ಹೇಳಬೇಕು, ಹೊತ್ತಿಲ್ಲದಿದ್ದರೆ ಸುಮ್ಮನಿರಬೇಕು. ಸುಮ್ಮನಿದ್ದರೆ ಇನ್ನೊಬ್ಬರು ಹೇಳಿಯಾರು. ಗದರಿಸಿದರೆ ಕೇಳಿದವನು ಮತ್ತೆ ಬರಲಾರ. ಎರಡು ಸಾಲಿನ ಪ್ರಶ್ನೆಯನ್ನು ಹಿಡಿದು ಬಾಗಿಲಲ್ಲಿ ನಿಂತ ಅಪರಿಚಿತ ಹುಡುಗ ಯಾರೆಂದು ಲೆಮ್ಕೆಯವರಿಗೆ ತಿಳಿದಿರಲಿಲ್ಲ. ಬಾಗಿಲು ತೆರೆಯುವುದಕ್ಕೆ ಅದನ್ನು ತಿಳಿಯುವ ಅಗತ್ಯವೂ ಅವರಿಗೆ ಕಾಣಲಿಲ್ಲ.