ಆಳಂದ: ಬೆಳೆಯುವ ಊರು, ಓದದೆ ಉಳಿದ ಕಾಗದಗಳು



ಆಳಂದದ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಕಲಬುರಗಿ ಬಸ್ಸಿಗೆ ಕಾಯುವ ವಿದ್ಯಾರ್ಥಿಗಳು, ನೌಕರರು, ವ್ಯಾಪಾರಿಗಳನ್ನು ನೀವು ನೋಡಿರುತ್ತೀರಿ. ಜಿಲ್ಲಾ ಕೇಂದ್ರ ಇಲ್ಲಿಂದ ಸುಮಾರು 40 ಕಿ.ಮೀ. ಬೆಳಿಗ್ಗೆ ಹೋಗಿ ಸಂಜೆ ಮರಳುವ ದೂರ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೂ ಇದೇ ತಾಲ್ಲೂಕಿನ ಕಡಗಂಚಿಯಲ್ಲಿದೆ. ಊರಂಚಿನ ತೊಗರಿ ಹೊಲಗಳು ಪ್ಲಾಟುಗಳಾಗುತ್ತಿವೆ. ಜಮೀನಿಗೆ ಬೆಲೆ ಬಂದಾಗ ಮೊದಲು ಏಳುವ ಪ್ರಶ್ನೆ, ಕಾಗದ ಎಲ್ಲಿದೆ? ಅದು ಹಳೆಯದಾಗಿದ್ದರೆ ಮುಂದಿನ ಪ್ರಶ್ನೆ, ಓದುವವರು ಯಾರು?

ಆಳಂದ ಇಂದು ನಿನ್ನೆಯ ಊರಲ್ಲ. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಗಿ ಕಲಬುರಗಿ ರಾಜಧಾನಿಯಾಯಿತು. ಲಾಡ್ಲೆ ಮಶಾಯಖ್ ಎಂದು ಪ್ರಸಿದ್ಧರಾದ ಹಜರತ್ ಶೇಖ್ ಅಲಾವುದ್ದೀನ್ ಅನ್ಸಾರಿಯವರ ದರ್ಗಾ ಆಳಂದದಲ್ಲಿದೆ. ಸಂತ ರಾಘವ ಚೈತನ್ಯರ ಹೆಸರೂ ಈ ಊರಿನೊಂದಿಗೆ ಬೆಸೆದಿದೆ. ಮುಂದೆ ನಿಜಾಮರ ಕಾಲದಲ್ಲಿ ಆಳಂದ ಪಾಯಗಾ ಮನೆತನದ ಜಾಗೀರಿಗೆ ಸೇರಿತ್ತು.

ಹೈದರಾಬಾದ್ ಸಂಸ್ಥಾನದ ಕಚೇರಿಗಳಲ್ಲಿ 1880ರ ದಶಕದಲ್ಲಿ ಫಾರ್ಸಿಯ ಬದಲು ಉರ್ದು ಬಂತು. ಆದ್ದರಿಂದ ಆಳಂದ, ಅಫಜಲಪುರ, ಜೇವರ್ಗಿ ಭಾಗದ ರೈತನ ಮನೆಮಾತು ಕನ್ನಡವಿರಲಿ, ಮರಾಠಿಯಿರಲಿ, ಸರಕಾರಿ ದಫ್ತರದ ಭಾಷೆ ಉರ್ದುವೇ. ಈ ಕಾಗದಗಳು ಒಂದು ಸಮಾಜದ ಸೊತ್ತಲ್ಲ, ಎಲ್ಲರ ಮನೆಯ ಟ್ರಂಕಿನಲ್ಲೂ ಇರಬಹುದು ಎಂಬುದನ್ನು ಗಮನಿಸಬೇಕು.

1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿಯಿತು. 1949ರಲ್ಲಿ ಜಾಗೀರುಗಳು ರದ್ದಾದವು. 1956ರ ನವೆಂಬರ್ 1ರಂದು ನಮ್ಮ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಕಾಲಕ್ರಮದಲ್ಲಿ ಕಚೇರಿ ಕನ್ನಡಕ್ಕೆ ಹೊರಳಿತು, ಟ್ರಂಕಿನ ಕಾಗದ ಹಾಗೇ ಉಳಿಯಿತು.

ಉರ್ದು ಶಾಲೆಯಲ್ಲಿ ಕಲಿತ ಮಾತ್ರಕ್ಕೆ ಇವನ್ನು ಓದಲು ಬರುವುದಿಲ್ಲ. ಪಠ್ಯಪುಸ್ತಕದ ಅಕ್ಷರ ಬೇರೆ, ಗುಮಾಸ್ತರು ಅವಸರದಲ್ಲಿ ಬರೆದ ಶಿಕಸ್ತಾ ಬೇರೆ. ಮೊತ್ತವನ್ನು ಅಂಕಿಗಳ ಬದಲು ‘ರಕಮ್’ ಚಿಹ್ನೆಗಳಲ್ಲಿ ಬರೆಯುವ ರೂಢಿಯೂ ಇತ್ತು. ಇಸವಿ ಫಸಲಿಯದು, ತಿಂಗಳುಗಳು ಆಜೂರ್, ದೈ, ಬಹಮನ್ ಮುಂತಾದವು. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಅದು ಆರಂಭವಾದ ಇಸವಿ ಸಿಗುತ್ತದೆ. ಅಕ್ಟೋಬರಿನಲ್ಲಿ ಮೊದಲಾಗುತ್ತಿದ್ದುದರಿಂದ ಫಸಲಿ 1350 ಎಂದರೆ 1940-41.

ಓದು ಬಾರದವನ ಕಾಗದದಲ್ಲಿ ಏನಿದೆಯೆಂದು ಮಧ್ಯವರ್ತಿ ಹೇಳಿದ್ದೇ ಸತ್ಯವಾಗುತ್ತದೆ. ತಕರಾರು ಎದ್ದಾಗ ಅಜ್ಜನ ಹೊಲದ ಗಡಿ ಅಜ್ಜನ ಕಾಗದದಲ್ಲೇ ಇದ್ದರೂ ಮೊಮ್ಮಗ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಶಿಕಸ್ತಾ ಬಲ್ಲ ಹಿರಿಯರೋ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಆದಕಾರಣ ಓದುಗರಲ್ಲಿ ನನ್ನ ವಿನಂತಿ ಇಷ್ಟೆ. ಮನೆ ಕೆಡವುವಾಗ, ಪಾಲಾಗುವಾಗ ಹಳೆಯ ಕಾಗದವನ್ನು ರದ್ದಿಗೆ ಹಾಕಬೇಡಿ. ಲ್ಯಾಮಿನೇಷನ್ ಮಾಡಿಸಬೇಡಿ, ಮಡಿಕೆ ಬಿಡಿಸಿ ಒಣ ಜಾಗದಲ್ಲಿಡಿ, ಫೋಟೋ ತೆಗೆದುಕೊಳ್ಳಿ. ಬಲ್ಲ ಹಿರಿಯರಿಂದ ಓದಿಸಿ, ಅದರ ಸಾರವನ್ನು ಕನ್ನಡದಲ್ಲಿ ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ. ಓದಿಸುವಾಗ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ತಹಶೀಲು, ಜಮಾಬಂದಿ, ರಸೀದಿ ಎಂಬ ಮಾತುಗಳು ಕನ್ನಡ ಶಾಲೆಯ ಮಗುವಿಗೂ ಪರಿಚಿತವೇ. ಅಲ್ಲಿಂದಲೇ ಓದು ಆರಂಭಿಸಬಹುದು.