ಎಲ್ಲಿಂದ ಶುರು ಮಾಡ್ಲಿ? ಗೂಢಚಾರ ಸರಣಿಗಳ ಓದಿನ ಕ್ರಮ

ಕಳೆದ ವಾರದ ವಿಡಿಯೋದ ಮಾತುಗಳಿವು. ಓದೋಕೆ ಅನುಕೂಲ ಆಗ್ಲಿ ಅಂತ ಸ್ವಲ್ಪ ತಿದ್ದಿ ಹಾಕಿದ್ದೀನಿ.

ಇಲ್ಲೇ ಪುಣೆಯಲ್ಲಿ ಓದ್ತಿರೋ ನನ್ನ ಅಕ್ಕನ ಮಗಳು ಒಂದು ದಿನ ಕೇಳಿದಳು: "ಮಾಮಾ, ಲೆ ಕಾರೆ ಓದಬೇಕಂತ ಮಾಡೀನಿ. ಎಲ್ಲಿಂದ ಶುರು ಮಾಡ್ಲಿ? ಬರದ ಕ್ರಮದಾಗ ಓದ್ಲೋ, ಕಥೀ ನಡದ ಕ್ರಮದಾಗ ಓದ್ಲೋ?"

ಸಣ್ಣ ಪ್ರಶ್ನೆ. ಆದ್ರೆ ನಾನು ಇದೇ ವಿಷಯದಲ್ಲಿ ಒಮ್ಮೆ ಎಡವಿದವನು. ಕಾಲೇಜಿನ ದಿನಗಳಲ್ಲಿ ಅಪ್ಪಾ ಬಳವಂತ ಚೌಕದ ಹತ್ತಿರ ಫುಟ್‌ಪಾತಿನ ಮೇಲೆ ಹರಡಿದ್ದ ಹಳೇ ಪುಸ್ತಕಗಳಲ್ಲಿ ಜಾನ್ ಲೆ ಕಾರೆಯ 'ಸ್ಮೈಲೀಸ್ ಪೀಪಲ್' ಸಿಕ್ತು. ಚೌಕಾಸಿ ಮಾಡಿ 20 ರೂಪಾಯಿಗೆ ತಂದೆ. ಕೊನೆಯ ಪುಟಗಳಲ್ಲಿ ಒಂದು ಸಿಗರೇಟ್ ಲೈಟರ್ ಬರುತ್ತೆ. ನನಗೆ ಅದು ಬರೀ ಲೈಟರ್ ಆಗಿತ್ತು. ಓದಿ ಮುಚ್ಚಿಟ್ಟೆ. ಎಷ್ಟೋ ವರ್ಷ ಆದ್ಮೇಲೆ ಅದಕ್ಕಿಂತ ಮೊದಲಿನ ಪುಸ್ತಕ ಓದಿದಾಗ ಗೊತ್ತಾಯ್ತು, ನಾನು ಏನು ಕಳಕೊಂಡೆ ಅಂತ. ಮೊದಲ ಓದು ಅನ್ನೋದು ಒಂದೇ ಸಲ ಸಿಗುತ್ತೆ. ಎರಡನೇ ಸಲ ಅದನ್ನ ಯಾರೂ ಕೊಡಲ್ಲ.

ಇಲ್ಲಿ ಮೊದಲು ಒಂದು ಮಾತು. ಎಲ್ಲಾ ಸರಣಿಗೂ ಕ್ರಮ ಬೇಕಾಗಿಲ್ಲ. ನಮ್ಮ ಎನ್. ನರಸಿಂಹಯ್ಯನವರನ್ನೇ ತಗೊಳ್ಳಿ. 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದವರು. ಅವರ ಪತ್ತೇದಾರ ಪುರುಷೋತ್ತಮನನ್ನ ನೀವು ಯಾವ ಪುಸ್ತಕದಲ್ಲಿ ಬೇಕಾದ್ರೂ ಭೇಟಿ ಮಾಡಬಹುದು. ಕೇಸು ಆ ಪುಸ್ತಕದಲ್ಲೇ ಶುರು, ಅಲ್ಲೇ ಖತಂ. ಮರಾಠಿಯಲ್ಲಿ ಸಾವಿರಕ್ಕೂ ಹೆಚ್ಚು ರಹಸ್ಯಕಥೆ ಬರೆದ ಬಾಬುರಾವ್ ಅರ್ನಾಳಕರ್, ನಮ್ಮ ಪುಣೆಯವರೇ ಆದ ಸುಹಾಸ್ ಶಿರ್ವಳಕರ್ ಅವರ ಪತ್ತೇದಾರಿ ಸರಣಿಗಳು, ಇವೂ ಹೆಚ್ಚುಕಡಿಮೆ ಹಾಗೇ. ಇದಕ್ಕೆ ಒಂದು ಕಾರಣ ಇದೆ ಅಂತ ನನಗೆ ಅನ್ಸುತ್ತೆ. ಇವನ್ನ ಜನ ಹೆಚ್ಚಾಗಿ ಓದಿದ್ದು ಬಾಡಿಗೆ ಲೈಬ್ರರಿಯಿಂದ ತಂದು. ಅಲ್ಲಿ ನಿಮಗೆ ಸಿಗೋದು ಬೇರೆಯವರು ಅವತ್ತು ವಾಪಸ್ ಕೊಟ್ಟ ಪುಸ್ತಕ. 37ನೇದು ಓದಿದ ಮೇಲೆ 12ನೇದು ಸಿಕ್ಕರೂ ಕಥೆ ನಿಲ್ಲಬೇಕು. ಇವು ಬಿಡಿ ಮಣಿಗಳು. ಇನ್ನು ಕೆಲವು ಸರಣಿಗಳು ದಾರಕ್ಕೆ ಪೋಣಿಸಿದ ಸರ. ಅಲ್ಲಿ ಒಂದು ಮಣಿ ಹಿಂದೆಮುಂದೆ ಆದ್ರೂ ಗೊತ್ತಾಗುತ್ತೆ.

ಬಿಡಿ ಮಣಿಗೂ ತಾರೀಖು ಮುಖ್ಯ ಅನ್ನೋದನ್ನ ಮರೀಬಾರದು. ದೊರೈ-ಭಗವಾನ್ ಜೋಡಿಯ ಸಿ.ಐ.ಡಿ. 999 ಸಿನಿಮಾಗಳು ನೆನಪಿದೆಯಲ್ವಾ? 1968ರಲ್ಲಿ 'ಜೇಡರ ಬಲೆ', ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', ಆಮೇಲೆ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಯಾವುದನ್ನ ಮೊದಲು ನೋಡಿದ್ರೂ ಕಥೆ ಕೆಡಲ್ಲ. ಆದ್ರೆ ಗೋವಾ ಪೋರ್ಚುಗೀಸರ ಕೈಯಿಂದ ಬಿಡುಗಡೆ ಆಗಿದ್ದು 1961ರ ಡಿಸೆಂಬರ್‌ನಲ್ಲಿ. ಆಗಿನ್ನೂ ಏಳು ವರ್ಷ ಕೂಡ ತುಂಬಿರಲಿಲ್ಲ. ನಮ್ಮ ದೇಶದೊಳಗೇ ಇದ್ದೂ ಅರ್ಧ ವಿದೇಶದ ಹಾಗೆ ಕಾಣೋ ಊರು. ರಾಜ್‌ಕುಮಾರ್ ಅವರ ಗೂಢಚಾರನಿಗೆ ಅದಕ್ಕಿಂತ ಒಳ್ಳೇ ಜಾಗ ಎಲ್ಲಿ ಸಿಗಬೇಕು? ವರ್ಷ ಗೊತ್ತಿದ್ರೆ ಸಿನಿಮಾದ ಬಣ್ಣವೇ ಬೇರೆ.

ಈಗ 999ಗೆ ಸ್ಫೂರ್ತಿಯಾದ 007 ಕಡೆ ಬರೋಣ. ಇಯಾನ್ ಫ್ಲೆಮಿಂಗ್ ಬರೆದ ಮೊದಲ ಬಾಂಡ್ ಪುಸ್ತಕ 'ಕ್ಯಾಸಿನೊ ರಾಯಲ್', 1953. ಅಲ್ಲಿ ಶತ್ರು ಸ್ಮರ್ಶ್. ಇದು ಕಟ್ಟುಕಥೆ ಅಲ್ಲ, 1943ರಿಂದ 1946ರವರೆಗೆ ಸೋವಿಯತ್ ಒಕ್ಕೂಟದಲ್ಲಿ ನಿಜವಾಗಿ ಇದ್ದ ಸಂಸ್ಥೆ. 1961ರ 'ಥಂಡರ್‌ಬಾಲ್' ಹೊತ್ತಿಗೆ ಮುಖ್ಯ ಶತ್ರು ಬದಲಾಗ್ತಾನೆ. ಯಾವ ದೇಶಕ್ಕೂ ಸೇರದ, ದುಡ್ಡಿಗಾಗಿ ಕೆಲಸ ಮಾಡೋ ಸ್ಪೆಕ್ಟರ್ ಬರುತ್ತೆ. ಬರೆದ ಕ್ರಮದಲ್ಲಿ ಓದಿದ್ರೆ ಶೀತಲ ಸಮರದ ಹವಾ ಹೇಗೆ ಬದಲಾಯ್ತು ಅನ್ನೋದು ಪಾಠ ಮಾಡದೇನೇ ಗೊತ್ತಾಗುತ್ತೆ.

ಸಿನಿಮಾದವರು ಈ ಕ್ರಮ ಮುರಿದರು. ಅದರ ಪರಿಣಾಮ ನೋಡಿ. ಪುಸ್ತಕದಲ್ಲಿ 'ಫ್ರಮ್ ರಷ್ಯಾ, ವಿತ್ ಲವ್' (1957) ಮೊದಲು, 'ಡಾಕ್ಟರ್ ನೋ' (1958) ಆಮೇಲೆ. ಮೊದಲನೆಯದರ ಕೊನೆಗೆ ಬಾಂಡ್ ಪಿಸ್ತೂಲು ಕೈಕೊಟ್ಟು ಸಾಯೋ ಸ್ಥಿತಿಗೆ ಬರ್ತಾನೆ. ಅದಕ್ಕೇ ಎರಡನೆಯದರಲ್ಲಿ ಅವನ ಬೆರೆಟ್ಟಾ ಕಿತ್ತುಕೊಂಡು ವಾಲ್ಥರ್ ಕೊಡ್ತಾರೆ. ಸಿನಿಮಾದಲ್ಲಿ 'ಡಾಕ್ಟರ್ ನೋ' 1962ರಲ್ಲೇ ಬಂತು, ಇನ್ನೊಂದು 1963ರಲ್ಲಿ. ಪಿಸ್ತೂಲು ಬದಲಾಯಿಸೋ ದೃಶ್ಯ ಉಳೀತು, ಅದರ ಹಿಂದಿನ ನೋವು ಒಂದೆರಡು ಮಾತಿಗೆ ಇಳೀತು. ಇನ್ನೂ ತಮಾಷೆ: 1967ರ ಸಿನಿಮಾದಲ್ಲಿ ಬಾಂಡನೂ ಖಳನಾಯಕ ಬ್ಲೋಫೆಲ್ಡನೂ ಮುಖಾಮುಖಿ ಆಗ್ತಾರೆ. 1969ರ ಸಿನಿಮಾದಲ್ಲಿ ಬಾಂಡ್ ಬೇರೆ ಹೆಸರಿಟ್ಟುಕೊಂಡು ಎದುರಿಗೆ ಕೂತರೆ ಬ್ಲೋಫೆಲ್ಡನಿಗೆ ಗುರುತೇ ಸಿಗಲ್ಲ! ಪುಸ್ತಕಗಳಲ್ಲಿ ಈ ಎರಡು ಕಥೆ ಬಂದದ್ದು ತಿರುಗಾಮುರುಗಾ ಕ್ರಮದಲ್ಲಿ. ಅಲ್ಲಿ ಈ ಗೊಂದಲ ಇಲ್ಲ.

ಹಾಗಾದ್ರೆ 'ಕಥೆ ನಡೆದ ಕ್ರಮ'? ಲೆ ಕಾರೆ ವಿಷಯದಲ್ಲಿ ಅದು ಲೆಕ್ಕಕ್ಕೇ ಸಿಗಲ್ಲ. 1961ರ ಮೊದಲ ಪುಸ್ತಕ 'ಕಾಲ್ ಫಾರ್ ದ ಡೆಡ್' ಪ್ರಕಾರ ಜಾರ್ಜ್ ಸ್ಮೈಲಿ ಬೇಹುಗಾರಿಕೆಗೆ ಸೇರಿದ್ದು 1928ರಲ್ಲಿ. ಆ ಲೆಕ್ಕ ಹಿಡಿದರೆ 1974ರ 'ಟಿಂಕರ್ ಟೈಲರ್ ಸೋಲ್ಜರ್ ಸ್ಪೈ' ಹೊತ್ತಿಗೆ ಅವನಿಗೆ ಎಪ್ಪತ್ತರ ಹತ್ತಿರ ಆಗಬೇಕು. ಲೇಖಕ ಸದ್ದಿಲ್ಲದೆ ವಯಸ್ಸು ಇಳಿಸಿಬಿಟ್ಟ. ಪಾತ್ರ ಇಷ್ಟು ದೂರ ಬರುತ್ತೆ ಅಂತ 1961ರಲ್ಲಿ ಅವನಿಗೇ ಗೊತ್ತಿರಲಿಲ್ಲ ಅಲ್ವಾ? 2017ರಲ್ಲಿ ಬಂದ 'ಎ ಲೆಗಸಿ ಆಫ್ ಸ್ಪೈಸ್' ಮತ್ತೆ 1963ರ 'ದ ಸ್ಪೈ ಹೂ ಕೇಮ್ ಇನ್ ಫ್ರಮ್ ದ ಕೋಲ್ಡ್' ಕಥೆಗೇ ಹಿಂತಿರುಗುತ್ತೆ. ಕಥೆಯ ಕಾಲ ನೋಡಿ ಅದನ್ನ ಅದರ ಪಕ್ಕದಲ್ಲಿಟ್ಟು ಓದಿದ್ರೆ, 50 ವರ್ಷ ಆದ ಮೇಲೆ ಲೆಕ್ಕ ಕೇಳೋಕೆ ಬಂದ ಪುಸ್ತಕದ ಭಾರವೇ ಹೋಗುತ್ತೆ.

ಈಗ ಆ ಲೈಟರ್. 'ಟಿಂಕರ್ ಟೈಲರ್'ನಲ್ಲಿ ಸ್ಮೈಲಿ ಒಂದು ಹಳೇ ಕಥೆ ಹೇಳ್ತಾನೆ. 1950ರ ದಶಕ, ದೆಹಲಿಯ ಜೈಲು, ಉರಿ ಸೆಕೆ. ಎದುರಿಗೆ ಕಾರ್ಲಾ ಅನ್ನೋ ಸೋವಿಯತ್ ಗೂಢಚಾರ. ನಮ್ಮ ಕಡೆ ಬಾ ಅಂತ ಸ್ಮೈಲಿ ಮಾತಾಡ್ತಾನೇ ಹೋಗ್ತಾನೆ, ಅವನು ತುಟಿ ಬಿಚ್ಚಲ್ಲ. ಕೊನೆಗೆ ಸ್ಮೈಲಿಯ ಹೆಂಡತಿ ಆ್ಯನ್ ಕೊಟ್ಟ ಲೈಟರ್ ತಗೊಂಡು ಹೋಗಿಬಿಡ್ತಾನೆ. 'ಸ್ಮೈಲೀಸ್ ಪೀಪಲ್' (1979) ಕೊನೆಯಲ್ಲಿ ಬರೋದು ಅದೇ ಲೈಟರ್. ಇದಕ್ಕಿಂತ ಹೆಚ್ಚು ಹೇಳಲ್ಲ. ದೆಹಲಿಯ ಆ ಸೆಕೆಯಲ್ಲಿ ಮೊದಲು ಕೂತು ಬಂದವರಿಗೆ ಅದು ಸಿಗುತ್ತೆ. ನನಗೆ ಸಿಗಲಿಲ್ಲ.

ಹಾಗಾಗಿ ನನ್ನ ಸಲಹೆ: ಮೊದಲ ಓದು ಬರೆದ ಕ್ರಮದಲ್ಲಿ. ಪುಸ್ತಕ ಬರೆಯುವಾಗ ಲೇಖಕನ ಮನಸ್ಸಲ್ಲಿ ಇರೋದು ಹಿಂದಿನದ್ದು ಓದಿದ, ಮುಂದಿನದ್ದು ಗೊತ್ತಿಲ್ಲದ ಓದುಗ. ಆ ಓದುಗ ನೀವಾಗಿ. ಪೂರ್ತಿ ಓದೋಕೆ ಪುರುಸೊತ್ತಿಲ್ಲ ಅಂದ್ರೆ ಸ್ಮೈಲಿಯ ಐದು ಸಾಕು: 'ಕಾಲ್ ಫಾರ್ ದ ಡೆಡ್', 'ದ ಸ್ಪೈ ಹೂ ಕೇಮ್ ಇನ್', 'ಟಿಂಕರ್ ಟೈಲರ್', 'ದ ಆನರಬಲ್ ಸ್ಕೂಲ್‌ಬಾಯ್' (1977), 'ಸ್ಮೈಲೀಸ್ ಪೀಪಲ್'. ಮೊದಲನೆಯದನ್ನ ಬಿಡಬೇಡಿ, ಅಲ್ಲಿ ತಪ್ಪಿಸಿಕೊಂಡ ಮುಂಟ್ ಎರಡನೆಯದರಲ್ಲಿ ಎದುರಾಗ್ತಾನೆ. ನಾಲ್ಕನೆಯದನ್ನ ಮೂರನೆಯದಕ್ಕಿಂತ ಮೊದಲು ಮುಟ್ಟಲೇಬೇಡಿ, ಮನೆಯೊಳಗಿನ ದ್ರೋಹಿ ಯಾರು ಅನ್ನೋ ಗುಟ್ಟು ಶುರುವಿನಲ್ಲೇ ಒಡೆದುಹೋಗುತ್ತೆ. 1962ರ 'ಎ ಮರ್ಡರ್ ಆಫ್ ಕ್ವಾಲಿಟಿ' ಶಾಲೆಯೊಂದರ ಕೊಲೆ ಪ್ರಕರಣ, ಅದನ್ನ ಯಾವಾಗ ಬೇಕಾದ್ರೂ ಓದಿ.

ಅಕ್ಕನ ಮಗಳು ಮೊದಲನೆಯದು ಮುಗಿಸಿದ್ದಾಳೆ. "ಮಾಮಾ, ಆ ಫುಟ್‌ಪಾತಿನ ಪುಸ್ತಕ ಕೊಡಲ್ಲಾ" ಅಂತ ಮೊನ್ನೆ ಕೇಳಿದಳು. ಕಪಾಟಿನಲ್ಲಿದೆ, ಕೊಡ್ತೀನಿ, ಆದ್ರೆ ಇನ್ನೂ ಮೂರು ಓದಿ ಬಾ ಅಂದಿದ್ದೀನಿ.

ನೀವು ತಪ್ಪು ಕ್ರಮದಲ್ಲಿ ಓದಿ ಕೈ ಸುಟ್ಟುಕೊಂಡ ಸರಣಿ ಯಾವುದು? ಬರೆದು ತಿಳಿಸಿ. ಮುಂದಿನ ಮಾತುಕತೆಯಲ್ಲಿ ಸಿಗೋಣ.