ಲೆಕ್ಕದ ಭಾಷೆ: ಹಳತೋ, ಹೊಸತೋ?

ಬ್ಯಾಂಕಿನಲ್ಲಿರುವ ತನ್ನ ಹಣದ ಲೆಕ್ಕವನ್ನು ಗೃಹಸ್ಥನು ಮನೆಯಲ್ಲಿಯೇ ಕುಳಿತು ಅಂಗೈಯ ಫೋನಿನಲ್ಲಿ ನೋಡುವ ಕಾಲವಿದು. ಆ ಗಾಜಿನ ಮೇಲೆ ಮೂಡುವ ಅಂಕೆಗಳ ಹಿಂದೆ ದುಡಿಯುವುದು ಒಂದೇ ಭಾಷೆಯಲ್ಲ. ಕಣ್ಣಿಗೆ ಕಾಣುವ ಪುಟಕ್ಕೊಂದು, ನಡುವಣ ಯಂತ್ರಕ್ಕೊಂದು, ಒಳಗಿನ ಖಾತೆಗೊಂದು ಎಂದು ಬೇರೆ ಬೇರೆ ವಯಸ್ಸಿನ ಭಾಷೆಗಳು ಒಟ್ಟಿಗೆ ನಡೆಯುವುದುಂಟು. ಹಳೆಯದನ್ನು ಉಳಿಸಬೇಕೆ, ಬಿಟ್ಟು ಹೊಸತನ್ನು ಹಿಡಿಯಬೇಕೆ ಎಂಬ ವಾದ ಇಲ್ಲಿಂದಲೇ ಹುಟ್ಟಿತು.

ಮೊದಮೊದಲು ಒಂದು ಕಂಪನಿಯ ಗಣಕಕ್ಕೆ ಬರೆದ ಆಜ್ಞೆಗಳು ಇನ್ನೊಂದು ಕಂಪನಿಯದಕ್ಕೆ ಅರ್ಥವಾಗುತ್ತಿರಲಿಲ್ಲ. ಯಂತ್ರ ಬದಲಾದರೆ ಬರೆದುದೆಲ್ಲ ವ್ಯರ್ಥ. ಈ ತೊಂದರೆಯನ್ನು ನೀಗಲು 1959ರ ಮೇ ತಿಂಗಳಲ್ಲಿ ಅಮೆರಿಕದ ಪೆಂಟಗನ್ನಿನಲ್ಲಿ ಒಂದು ಸಭೆ ಸೇರಿತು. ಗ್ರೇಸ್ ಹಾಪರ್ ಎಂಬ ವಿದುಷಿ ಹಿಂದೆಯೇ ರೂಪಿಸಿದ್ದ ಫ್ಲೋ-ಮ್ಯಾಟಿಕ್ ಎಂಬ ಭಾಷೆಯಿಂದ ಬಹಳಷ್ಟನ್ನು ಪಡೆದು ಕೋಬಾಲ್ ಸಿದ್ಧವಾಯಿತು. ಕೂಡು, ಕಳೆ, ಸಾಗಿಸು ಎಂಬರ್ಥದ ಸಾದಾ ಇಂಗ್ಲಿಷ್ ಕ್ರಿಯಾಪದಗಳೇ ಅದರ ಆಜ್ಞೆಗಳು. 1960ರ ಡಿಸೆಂಬರಿನಲ್ಲಿ ಒಂದೇ ಬರಹವು ಎರಡು ಬೇರೆ ಕಂಪನಿಗಳ ಯಂತ್ರಗಳಲ್ಲಿ ನಡೆದುದನ್ನು ಜನ ಕಂಡರು.

ವ್ಯಾಪಾರಿಗಳು ಅದನ್ನು ನೆಚ್ಚಿದುದಕ್ಕೆ ಮತ್ತೊಂದು ಕಾರಣವುಂಟು. ಕೋಬಾಲ್ ದಶಮಾಂಶವನ್ನು ದಶಮಾಂಶವಾಗಿಯೇ ಎಣಿಸಬಲ್ಲುದು. ರೂಪಾಯಿ ಪೈಸೆಗಳ ಲೆಕ್ಕ ಜಾರುವುದಿಲ್ಲ.

ಮುಂದೆ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ವಿಶ್ವವ್ಯಾಪಿ ಜಾಲದ ಯೋಜನೆಯನ್ನು ಮುಂದಿಟ್ಟರು. 1995 ಒಂದೇ ವರ್ಷದಲ್ಲಿ ಜಾವಾ, ಪಿಎಚ್‌ಪಿ, ಜಾವಾಸ್ಕ್ರಿಪ್ಟ್ ಮೂರೂ ಬೆಳಕಿಗೆ ಬಂದವು. ಜಾಲಪುಟದಲ್ಲಿ ಅಂಗಡಿ ತೆರೆಯುವುದು ಇವುಗಳಿಂದ ಸುಲಭವಾಯಿತು. ಆದರೆ ಹೊಸತಕ್ಕೂ ಅದರದೇ ಸ್ವಭಾವವಿದೆ. ಜಾವಾಸ್ಕ್ರಿಪ್ಟಿನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.3 ಬಾರದೆ 0.30000000000000004 ಬರುತ್ತದೆ. ಒಳಗೆ ಎರಡರ ಎಣಿಕೆ ನಡೆಯುವುದೇ ಇದಕ್ಕೆ ಕಾರಣ. ಪರಿಹಾರವಿಲ್ಲವೆಂದಲ್ಲ, ಬರೆಯುವವನು ಅದನ್ನರಿತು ಎಚ್ಚರದಿಂದಿರಬೇಕು, ಅಷ್ಟೆ.

ಹಳತರ ದೋಷವೂ ಬಯಲಾಯಿತು. ಜಾಗ ಉಳಿಸಲೆಂದು ಇಸವಿಯನ್ನು ಎರಡೇ ಅಂಕೆಗಳಲ್ಲಿ ಬರೆದಿದ್ದುದರಿಂದ, 2000 ಬಂದಾಗ ಯಂತ್ರಗಳು ಅದನ್ನು 1900 ಎಂದು ತಿಳಿಯುವ ಭಯ ಹುಟ್ಟಿತು. ಆ ತಿದ್ದುಪಡಿಯ ಕೆಲಸ ನಮ್ಮ ಬೆಂಗಳೂರಿಗೂ ಹರಿದುಬಂತು. ಕನ್ನಡದ ತರುಣರು ತಮಗಿಂತ ಹಿರಿದಾದ ಕೋಬಾಲನ್ನು ಕಲಿತು ಅನ್ನ ಸಂಪಾದಿಸಿದರು.

2020ರ ಏಪ್ರಿಲಿನಲ್ಲಿ, ಮಹಾಮಾರಿಯ ದಿನಗಳಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿ ಕೆಲಸ ಕಳೆದುಕೊಂಡವರು ನಿರುದ್ಯೋಗ ಭತ್ಯಕ್ಕೆ ಮುಗಿಬಿದ್ದರು. ವ್ಯವಸ್ಥೆ ಕುಸಿಯಿತು. ಕೋಬಾಲ್ ಬಲ್ಲ ಸ್ವಯಂಸೇವಕರು ಬೇಕೆಂದು ಗವರ್ನರ್ ಫಿಲ್ ಮರ್ಫಿ ಕರೆಕೊಟ್ಟರು. ಲೋಕವೆಲ್ಲ ಹಳೆಯ ಭಾಷೆಯನ್ನು ಹಳಿಯಿತು. ಆದರೆ ಗಣಕದ ಇತಿಹಾಸವನ್ನು ಬರೆಯುವ ಮಾರ್ ಹಿಕ್ಸ್ ಅವರು, ಕೆಟ್ಟು ನಿಂತುದು ಒಳಗಿನ ಕೋಬಾಲ್ ಅಲ್ಲ, ಅರ್ಜಿ ಸ್ವೀಕರಿಸುತ್ತಿದ್ದ, ಜಾವಾದಲ್ಲಿ ಬರೆದ ಜಾಲತಾಣವೆಂದು ಅದೇ ವರ್ಷ ಎತ್ತಿ ತೋರಿಸಿದರು. ಅಪರಾಧಿಯನ್ನು ವಯಸ್ಸಿನಿಂದ ಗುರುತಿಸಹೊರಟುದೇ ತಪ್ಪಾಗಿತ್ತು. ಅಷ್ಟರಲ್ಲಿ ಕಾಯುತ್ತಿದ್ದವರ ಮನೆಗಳಲ್ಲಿ ಬಾಡಿಗೆಯ ದಿನ ನಿಲ್ಲಲಿಲ್ಲ.

ಮೂರನೆಯ ಹಾದಿಯೊಂದಿದೆ. 2004ರಲ್ಲಿ ಪಿಎಚ್‌ಪಿಯಿಂದ ಆರಂಭವಾದ ಫೇಸ್‌ಬುಕ್ಕಿಗೆ, ಬಳಸುವವರು ಹೆಚ್ಚಿದಂತೆ ಅದರ ವೇಗ ಸಾಲದಾಯಿತು. ಅವರು ಬರೆದುದನ್ನೆಲ್ಲ ಎಸೆಯಲಿಲ್ಲ. ಪಿಎಚ್‌ಪಿಯನ್ನು ವೇಗದ ಸಿ++ ಭಾಷೆಗೆ ತಿರುಗಿಸುವ ಹಿಪ್‌ಹಾಪ್ ಎಂಬ ಸಾಧನವನ್ನು 2010ರಲ್ಲಿ ಹೊರತಂದರು. 2014ರಲ್ಲಿ ಪಿಎಚ್‌ಪಿಯಿಂದಲೇ ಬೆಳೆದ ಹ್ಯಾಕ್ ಎಂಬ ಭಾಷೆಯನ್ನು ಪ್ರಕಟಿಸಿದರು. ಮನೆಯವರು ಒಳಗಿರುವಂತೆಯೇ ಒಂದೊಂದಾಗಿ ತೊಲೆ ಬದಲಿಸಿದ ರೀತಿಯಿದು.

ಹಾಗಾದರೆ ಆಯ್ಕೆಗೆ ಅಳತೆಗೋಲೇನು? ಭಾಷೆಯ ಹುಟ್ಟಿದ ವರ್ಷವಲ್ಲ. ತಪ್ಪಾದರೆ ನಷ್ಟ ಯಾರಿಗೆ, ಇದನ್ನು ಓದಬಲ್ಲವರು ಇನ್ನು ಇಪ್ಪತ್ತು ವರ್ಷಕ್ಕೆ ಇರುವರೆ, ಏಕೆ ಹೀಗೆ ಬರೆದೆವೆಂಬ ವಿವರಣೆ ಉಳಿದಿದೆಯೆ, ಈ ಮೂರನ್ನು ಕೇಳಬೇಕು. ಹದಿಮೂರನೆಯ ಶತಮಾನದಲ್ಲಿ ಕನ್ನಡ ಮಾರ್ಪಡುತ್ತಿದ್ದಾಗ ಕೇಶಿರಾಜನು ಹಳಗನ್ನಡದ ಸೂತ್ರಗಳನ್ನು ಶಬ್ದಮಣಿದರ್ಪಣದಲ್ಲಿ ಬರೆದಿಟ್ಟನು. ಆಡುನುಡಿ ಮುಂದೆ ನಡೆಯಿತು. ಆದರೂ ಪಂಪನನ್ನು ಓದುವ ದಾರಿ ಮುಚ್ಚಲಿಲ್ಲ. ಲೆಕ್ಕದ ಭಾಷೆಗಳಲ್ಲಿ ಅನೇಕ ಕಡೆ ನಡೆಯದೆ ಹೋದುದು ಈ ಕೆಲಸ. ಬರೆದವರು ನಿವೃತ್ತರಾದರು, ಸೂತ್ರ ಅವರೊಡನೆ ಹೋಯಿತು. ಇಂದು ಹೊಸ ಭಾಷೆಯಲ್ಲಿ ಬರೆಯುತ್ತಿರುವವರೂ ಅದನ್ನು ಬರೆದಿಡದಿದ್ದರೆ, ಅವರ ಬರಹವೂ ಬೇಗನೆ ಓದಲಾಗದ ಶಾಸನವಾದೀತು.